ಮೇಪಲ್ ಸಿರಪ್ ನೋಡಲು ಊರವರನ್ನು ಕರೆದಿದ್ದೇವೆ. ಆ ದಿನ ಮರವೇ ಕೈಕೊಟ್ಟರೆ?

ಶಿರಸಿ_ವರ್ಮಾಂಟ್

ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದ ವರ್ಮಾಂಟ್ ರಾಜ್ಯದ ಈಶಾನ್ಯ ಮೂಲೆಯಲ್ಲಿ, ಗಂಡನ ಮನೆಯವರ ತೋಟದಲ್ಲಿದ್ದೇನೆ. ಮೂರು ತಲೆಮಾರಿನಿಂದ ಇಲ್ಲಿ ಮೇಪಲ್ ಮರದ ಸಿಹಿ ರಸವನ್ನು ಕುದಿಸಿ ಇಂಗಿಸಿ ಸಿರಪ್ ಕಾಯಿಸುತ್ತಾರೆ. ರಸ ಇಳಿಸಲು ಮರಗಳಿಗೆ 900 ನಳಿಕೆ ಹಾಕುತ್ತೇವೆ: 800 ಪ್ಲಾಸ್ಟಿಕ್ ಕೊಳವೆಗೆ, ಉಳಿದ 100 ರಸ್ತೆ ಬದಿಯ ಮರಗಳಿಗೆ ನೇತುಹಾಕಿದ ಬಕೆಟ್‌ಗಳಿಗೆ. ಒಲೆ ಸೌದೆಯದ್ದು. ಒಳ್ಳೆಯ ವರ್ಷವಾದರೆ 200 ಗ್ಯಾಲನ್ ಸಿರಪ್ ಸಿಗುತ್ತದೆ.

ಮಾರ್ಚ್ ಕೊನೆಯ ಭಾಗದಲ್ಲಿ ರಾಜ್ಯದಾದ್ಯಂತ ಸಿರಪ್ ತಯಾರಕರು ತಮ್ಮ ಶುಗರ್‌ಹೌಸ್ (ರಸ ಕಾಯಿಸುವ ಮನೆ) ಬಾಗಿಲನ್ನು ಎಲ್ಲರಿಗೂ ತೆರೆಯುವ ಒಂದು ವಾರಾಂತ್ಯವಿದೆ. ನಮ್ಮ ಮನೆಯಲ್ಲಿ ಇದುವರೆಗೆ ಅದನ್ನೆಲ್ಲ ಮಾವನವರು ನೋಡಿಕೊಳ್ಳುತ್ತಿದ್ದರು. ಈ ಚಳಿಗಾಲ ಅವರಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಯಿತು. ಹಾಗಾಗಿ ಯಜಮಾನಿಕೆ ನನ್ನ ತಲೆಗೆ ಬಂದಿದೆ. ಸಾಲದ್ದಕ್ಕೆ ಶಿರಸಿಯಿಂದ ಅಮ್ಮನೂ ಬಂದಿದ್ದಾರೆ. ಒಲೆ ಕಂಡ ದಿನದಿಂದ ಇದನ್ನು "ಮರದ ಆಲೆಮನೆ" ಎಂದೇ ಕರೆಯುತ್ತಿದ್ದಾರೆ.

ನನ್ನ ಚಿಂತೆ ಒಂದೇ. ರಾತ್ರಿ ಸೊನ್ನೆಗಿಂತ ಕೆಳಗಿಳಿದು ಹಗಲು ನಾಲ್ಕೈದು ಡಿಗ್ರಿ ಸೆಲ್ಸಿಯಸ್‌ಗೆ ಏರಿದರೆ ಮಾತ್ರ ಮರ ರಸ ಬಿಡುತ್ತದೆ. ಹಗಲೂ ಹೆಪ್ಪುಗಟ್ಟಿದ್ದರೆ ಒಂದು ಹನಿಯೂ ಇಲ್ಲ. ಹೀಗಿರುವಾಗ ಮೊದಲೇ ದಿನ ಗೊತ್ತುಮಾಡಿ ಜನರನ್ನು ಕರೆಯುವುದು ಹೇಗೆ? ಮಾವನವರನ್ನು ಕೇಳಿದೆ. "ರಸ ಇಲ್ಲದಿದ್ದರೆ ನೀರು ಕುದಿಸು. ಬಂದವರು ನೋಡುವುದು ಆವಿಯನ್ನು" ಎಂದರು. ನನಗೇಕೋ ಮನಸ್ಸು ಒಪ್ಪುತ್ತಿಲ್ಲ. ಅನುಭವ ಇದ್ದವರು ಏನು ಮಾಡುತ್ತೀರಿ?

ಮೇನ್_ರಾಘು

ನಿಮ್ಮ ಮಾವನವರು ಹೇಳಿದ್ದು ಹೊಸತೇನಲ್ಲ, ಇಲ್ಲಿಯೂ ಎಷ್ಟೋ ಕಡೆ ನಡೆಯುತ್ತದೆ. ನಮ್ಮ ಮೇನ್ ರಾಜ್ಯದಲ್ಲಿ ಮಾರ್ಚ್‌ನ ನಾಲ್ಕನೆಯ ಭಾನುವಾರ ಮೇಪಲ್ ಸಂಡೇ, ನಿಮ್ಮಲ್ಲಿಯಂತೆ ಜನರನ್ನು ಕರೆಯುವ ದಿನ. ಪಕ್ಕದ ತೋಟದವರ ಜೊತೆ ಐದು ವರ್ಷ ಕೈಜೋಡಿಸಿದ್ದೇನೆ, ಈಗ ನನ್ನದೇ 150 ಮರಗಳಿವೆ. ಐದರಲ್ಲಿ ಎರಡು ವರ್ಷ ಆ ಭಾನುವಾರ ಮರ ಬಾಯಿ ಬಿಡಲಿಲ್ಲ. ಒಂದು ಸಲ ನೀರನ್ನೇ ಕಾಯಿಸಿದೆವು, ಸುವಾಸನೆ ಬರಲೆಂದು ಸ್ವಲ್ಪ ಹಳೆಯ ಸಿರಪ್ ಬೆರೆಸಿ. ಒಬ್ಬರಿಗೂ ಗೊತ್ತಾಗಲಿಲ್ಲ. ಗೊತ್ತಾಗಲಿಲ್ಲ ಎನ್ನುವುದೇ ಇವತ್ತಿಗೂ ನನಗೆ ಮುಜುಗರ.

ಆಮೇಲೆ ಕಂಡುಕೊಂಡ ದಾರಿ ಇದು. ಗುರುವಾರ, ಶುಕ್ರವಾರ ಬಂದ ರಸವನ್ನೆಲ್ಲ ಕಾಯಿಸಿ ಮುಗಿಸಬೇಡಿ. ಟ್ಯಾಂಕ್ ನೆರಳಿನಲ್ಲಿರಲಿ, ಸುತ್ತ ಹಿಮ ಒತ್ತಿಡಿ. ಕೊರೆಯುವ ಚಳಿಯಿದ್ದರೆ ಒಂದೆರಡು ದಿನ ಕೆಡುವುದಿಲ್ಲ. ಬ್ಯಾಕ್ಟೀರಿಯಾ ಸ್ವಲ್ಪ ಬೆಳೆದು ಸಿರಪ್ ಒಂದು ಛಾಯೆ ಕಪ್ಪಾಗುತ್ತದೆ, ಅಷ್ಟೇ. ನಿಮ್ಮ ಒಲೆ ಗಂಟೆಗೆ ಎಷ್ಟು ಆವಿ ಮಾಡುತ್ತದೆ?

ಶಿರಸಿ_ವರ್ಮಾಂಟ್

ಚೆನ್ನಾಗಿ ಉರಿ ಹಾಕಿದರೆ ಗಂಟೆಗೆ 80 ಗ್ಯಾಲನ್, ರಾಘು ಅಣ್ಣ.

ಮೇನ್_ರಾಘು

ಹಾಗಾದರೆ ದಿನಕ್ಕೆ ಆರು ಗಂಟೆ ಕಾಯಿಸಲು 480 ಗ್ಯಾಲನ್ ಬೇಕು. ರಸದಲ್ಲಿ ಸಕ್ಕರೆ 2 ಶೇಕಡಾ ಇದ್ದರೆ 86ರ ಲೆಕ್ಕದಂತೆ (86ನ್ನು ಆ ಶೇಕಡಾದಿಂದ ಭಾಗಿಸುವುದು) 43 ಗ್ಯಾಲನ್ ರಸಕ್ಕೆ ಒಂದು ಗ್ಯಾಲನ್ ಸಿರಪ್. ಇಡೀ ದಿನಕ್ಕೆ ಹನ್ನೊಂದು ಗ್ಯಾಲನ್ ಆಯಿತು. ಹಿಂದಿನ ಎರಡು ದಿನ ಮರ ಚೆನ್ನಾಗಿ ಬಿಟ್ಟಿದ್ದರೆ ನಿಮ್ಮ 900 ನಳಿಕೆಗಳಿಂದ ಇಷ್ಟು ಉಳಿಸಿಡುವುದು ಕಷ್ಟವೇನಲ್ಲ. ಬಿಟ್ಟಿರದಿದ್ದರೆ ಬೆಳಿಗ್ಗೆ ಎರಡು ಗಂಟೆ, ಮಧ್ಯಾಹ್ನ ಎರಡು ಗಂಟೆ ಎಂದು ಸಮಯ ಬರೆದು ಹಾಕಿ.

ಮಂಡ್ಯದ_ಗಾಣ

ನಾನು ಬೆಲ್ಲದವನು. ಮೇಪಲ್ ಮರವನ್ನು ಕಂಡವನಲ್ಲ. ಆದರೂ ಹೇಳುತ್ತೇನೆ. ನಮ್ಮಲ್ಲಿ ಕಬ್ಬಿನ ಹಾಲು ಅರೆದ ಕೆಲವೇ ಗಂಟೆಗಳಲ್ಲಿ ಹುಳಿಯಾಗುತ್ತದೆ. ಎರಡು ದಿನ ಇಟ್ಟು ಕಾಯಿಸುತ್ತೀರಿ ಎಂದರೆ ನಮಗೆ ನಂಬುವುದೇ ಕಷ್ಟ; ನಿಮ್ಮ ಚಳಿಗೆ ಕೈ ಮುಗಿಯಬೇಕು.

ನೀರು ಕುದಿಸಿ ತೋರಿಸುವ ಮಾತು ಮಾತ್ರ ಬೇಡ ತಾಯಿ. ಆಲೆಮನೆ ಹಬ್ಬ ಎಂದು ಈಚೆಗೆ ಪಟ್ಟಣದ ಜನ ಕಾರು ಮಾಡಿಕೊಂಡು ಬರುತ್ತಾರೆ. ಒಂದು ಕಡೆ ನಾನೇ ನೋಡಿದೆ: ಕೊಪ್ಪರಿಗೆಯಲ್ಲಿ ಸಕ್ಕರೆ ಸುರಿದು ಕರಗಿಸಿ, ಮೇಲೆ ಒಂದು ಬಿಂದಿಗೆ ಕಬ್ಬಿನ ಹಾಲು ಹುಯ್ದು "ಅಸಲಿ ಬೆಲ್ಲ" ಎಂದು ಅಲ್ಲೇ ಅಚ್ಚು ಹಾಕಿ ಮಾರುತ್ತಿದ್ದರು. ಅದೂ ಶುರುವಾಗಿದ್ದು "ಬಂದವರಿಗೆ ಏನಾದರೂ ತೋರಿಸಬೇಕಲ್ಲ" ಎಂಬಲ್ಲಿಂದಲೇ. ಇಲ್ಲದ ದಿನ ಇಲ್ಲ ಎನ್ನಿ.

ಮಾಂಟ್ರಿಯಲ್_ಮಾಲತಿ

ಗಾಣದವರ ಮಾತು ಕೇಳಲು ಚೆಂದ. ಆದರೆ ಎರಡು ಗಂಟೆ ಕಾರು ಓಡಿಸಿಕೊಂಡು, ಹಿಂದಿನ ಸೀಟಿನಲ್ಲಿ ಎರಡು ಮಕ್ಕಳನ್ನು ಕೂರಿಸಿಕೊಂಡು ಬಂದವಳಿಗೆ "ಇವತ್ತು ಇಲ್ಲ" ಎಂದರೆ ಏನನ್ನಿಸುತ್ತದೆ ಎಂದು ನನ್ನನ್ನು ಕೇಳಿ.

ನಾನಿರುವ ಕೆನಡಾದ ಕೆಬೆಕ್ ಪ್ರಾಂತ್ಯ ಜಗತ್ತಿನ ಮೇಪಲ್ ಸಿರಪ್‌ನ ಸುಮಾರು 70 ಶೇಕಡಾ ಭಾಗವನ್ನು ಮಾಡುತ್ತದೆ. ಇಲ್ಲಿ ಸಿರಪ್ ಕೂಡಿಡಲು ತೈಲದಂತೆ ಮೀಸಲು ದಾಸ್ತಾನೂ ಇದೆ. ಆ ದಾಸ್ತಾನಿನ ಒಂದು ಗೋದಾಮಿನಿಂದ ಸುಮಾರು 3,000 ಟನ್ ಸಿರಪ್ ಕಳುವಾಗಿದ್ದು 2012ರಲ್ಲಿ ಬಯಲಾಯಿತು. ಪೀಪಾಯಿಗಳಲ್ಲಿ ಸಿರಪ್ ತೆಗೆದು ನೀರು ತುಂಬಿಟ್ಟಿದ್ದರಂತೆ. ನೀರಿನ ಆಟ ಇಲ್ಲಿಯೂ ಹಳೆಯದೇ ನೋಡಿ! ಇಲ್ಲಿನ ಕಬಾನ್ ಆ ಸುಕ್ರ್‌ಗಳು, ಅಂದರೆ ಸಿರಪ್ ಕಾಯಿಸುವ ಮನೆಗಳು, ಈಗ ಬಹುತೇಕ ಊಟದ ಮನೆಗಳು. ಉದ್ದ ಮೇಜು, ಬಟಾಣಿ ಸಾರು, ಆಮ್ಲೆಟ್, ಪಿಟೀಲು. ಹಿಂದೆ ಒಲೆ ಉರಿಯುತ್ತಿದೆಯೋ ಇಲ್ಲವೋ ಎಂದು ಯಾರೂ ಇಣುಕುವುದಿಲ್ಲ. ನಿಮ್ಮದು ಹಾಗಾಗಬಾರದು ಎಂಬ ಆಸೆ ನನಗೂ ಇದೆ. ಹಾಗೆಂದು ಕೈ ಬೀಸಿ ಕಳಿಸಬೇಡಿ. ರಸವಿಲ್ಲದ ದಿನವೂ ತೋರಿಸುವುದು ಬೇಕಾದಷ್ಟಿದೆ. ಒಂದು ಸತ್ತ ಮರದ ತುಂಡಿಗೆ ಮಕ್ಕಳ ಕೈಯಲ್ಲೇ ಎಂಟು ಮಿಲಿಮೀಟರ್ ತೂತು ಕೊರೆಸಿ, ನಳಿಕೆ ಬಡಿಸಿ. ನಮ್ಮ ಮಗಳಿಗೆ ಇವತ್ತಿಗೂ ನೆನಪಿರುವುದು ಅದೊಂದೇ.

ಲೆಕ್ಕದ_ಗಿರಿ

ಆವಿ, ನೀರು ಎಂದು ಎಲ್ಲರೂ ವಾದಿಸುತ್ತಿದ್ದೀರಿ. ಕಾರು ಎಲ್ಲಿ ನಿಲ್ಲಿಸುತ್ತೀರಿ ಎಂದು ಯಾರೂ ಕೇಳಲಿಲ್ಲ. ನಾನು ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಇಂಥ ಒಂದು ತೋಟದ ಲೆಕ್ಕ ಬರೆಯುತ್ತೇನೆ. ಸಿರಪ್ ಋತುವೂ ಕೆಸರಿನ ಋತುವೂ ಒಂದೇ. ಬೆಳಿಗ್ಗೆ ಕಲ್ಲಿನಂತಿದ್ದ ಹುಲ್ಲುಗಾವಲು ಹನ್ನೊಂದು ಗಂಟೆಯ ಬಿಸಿಲಿಗೆ ನಾಟಿ ಗದ್ದೆಯಾಗುತ್ತದೆ. ಕಾರು ಹೊಲಕ್ಕೆ ಇಳಿಸಬೇಡಿ, ಜಲ್ಲಿ ಹಾಕಿದ ಕಡೆ ಮಾತ್ರ ನಿಲ್ಲಿಸಿ, ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿಟ್ಟುಕೊಳ್ಳಿ.

ಇನ್ನು ವಿಮೆ. ತೋಟದ ಸಾಮಾನ್ಯ ವಿಮೆ ಸಾರ್ವಜನಿಕರನ್ನು ಕರೆದ ದಿನಕ್ಕೆ ಅನ್ವಯಿಸುತ್ತದೆಯೇ ಎಂದು ಬರಹದಲ್ಲಿ ಕೇಳಿ, ಬರಹದಲ್ಲಿಯೇ ಉತ್ತರ ಪಡೆಯಿರಿ. ನಿಮ್ಮ ರಾಜ್ಯದಲ್ಲಿ ತೋಟ ನೋಡಲು ಬಂದವರಿಗೆ ಪೆಟ್ಟಾದರೆ ರೈತನ ಹೊಣೆಗೆ ಮಿತಿ ಹಾಕುವ ಕಾನೂನಿದೆ. ಆದರೆ ಎಚ್ಚರಿಕೆಯ ಫಲಕ ಹಾಕಿರಬೇಕು. ಅದರ ಮಾತು ಹೇಗಿರಬೇಕು ಎಂಬುದನ್ನೂ ವಿಚಾರಿಸಿಕೊಳ್ಳಿ.

ಶಿರಸಿ_ವರ್ಮಾಂಟ್

ಗಿರಿಯವರೇ, ಕಾರಿನ ವಿಷಯ ನಿಜಕ್ಕೂ ತಲೆಗೆ ಬಂದಿರಲಿಲ್ಲ. ಮಾವನವರನ್ನು ಕೇಳಿದರೆ "ಪ್ರತಿ ವರ್ಷ ಮೂರು ಕಾರು ಎಳೆಯುತ್ತೇನೆ, ಅದೂ ಕಾರ್ಯಕ್ರಮದ ಒಂದು ಭಾಗ" ಎಂದು ನಕ್ಕರು. ಈ ಸಲ ಎಳೆಯುವವಳು ನಾನು.

ಒಲೆಯ ಹತ್ತಿರ ಮಕ್ಕಳ ಭಯವಿದೆ. ಹಗ್ಗ ಕಟ್ಟಿದರೆ ಸಾಕೇ?

ಮೇನ್_ರಾಘು

ಹಗ್ಗ ಸಾಲದು, ಒಂದು ಬೆಂಚು ಅಡ್ಡ ಇಡಿ. ಆದರೆ ಮಕ್ಕಳಿಗಿಂತ ದೊಡ್ಡ ಅಪಾಯ ಕಾಯಿಸುವವನ ಬಾಯಿ. ನನ್ನ ಕಥೆ ಕೇಳಿ.

ಮೂರನೆಯ ವರ್ಷ. ನಾನು ಒಲೆಯ ಮುಂದೆ. ಒಬ್ಬ ಅಜ್ಜಿ ಬಂದು ತಮ್ಮ ಬಾಲ್ಯದ ಬಕೆಟ್, ಕುದುರೆ, ಜಾರುಬಂಡಿ ಎಂದು ಹೇಳತೊಡಗಿದರು. ಎಷ್ಟು ಚೆನ್ನಾಗಿ ಹೇಳಿದರೆಂದರೆ ನಾನು ಪ್ಯಾನ್‌ನಲ್ಲಿ ರಸದ ಮಟ್ಟ ಕಾಯುವ ತೇಲುಗುಂಡನ್ನು ನೋಡುವುದನ್ನೇ ಮರೆತೆ. ರಸ ಒಳಬರುವ ಕವಾಟಕ್ಕೆ ಮಂಜುಗಡ್ಡೆ ಸಿಕ್ಕಿಕೊಂಡಿತ್ತು. ಒಲೆಯ ಮೇಲಿನ ಎರಡು ಪ್ಯಾನ್‌ಗಳಲ್ಲಿ ಮುಂಭಾಗದ್ದರಲ್ಲಿ ಇರುವುದೇ ಎರಡು ಮೂರು ಬೆರಳು ಆಳ. ಕೆಳಗೆ ಉರಿಯುವ ಬೆಂಕಿಗೆ ಅದು ಎಷ್ಟು ಹೊತ್ತು ತಾಳೀತು? ಮೊದಲು ಮೂಗಿಗೆ ಗೊತ್ತಾಯಿತು, ಆಮೇಲೆ ಕಣ್ಣಿಗೆ. ಕಪ್ಪು ಹೊಗೆ. ಐವತ್ತು ಜನರ ಮುಂದೆ ಪ್ಯಾನ್ ಸುಟ್ಟುಹೋಯಿತು. ತೋಟದ ಯಜಮಾನರು ಒಂದು ಮಾತೂ ಬೈಯಲಿಲ್ಲ, ಸುಮ್ಮನೆ ಬಕೆಟ್ ತಂದು ರಸ ಸುರಿದರು. ಬೈದಿದ್ದರೆ ಚೆನ್ನಾಗಿತ್ತು.

ಅಂದಿನಿಂದ ನಿಯಮ: ಕಾಯಿಸುವವರು ಮಾತನಾಡುವುದಿಲ್ಲ, ಮಾತನಾಡುವವರು ಕಾಯಿಸುವುದಿಲ್ಲ. ಇಬ್ಬರು ಬೇಕೇ ಬೇಕು.

ಮಂಡ್ಯದ_ಗಾಣ

ಈ ನಿಯಮವನ್ನು ನಮ್ಮ ಕೊಪ್ಪರಿಗೆಯ ಮೇಲೂ ಬರೆಸಬೇಕು. ಹದ ಬರುವ ಹೊತ್ತಿಗೇ ಫೋನ್ ಬರುತ್ತದೆ.

ಅಂದ ಹಾಗೆ ಹದ ಹೇಗೆ ನೋಡುತ್ತೀರಿ? ನಾವು ತಣ್ಣೀರಿಗೆ ಒಂದು ಚೂರು ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತೇವೆ.

ಶಿರಸಿ_ವರ್ಮಾಂಟ್

ನಮ್ಮದು ಉಂಡೆಗೆ ಬಹಳ ಮೊದಲೇ ನಿಲ್ಲುತ್ತದೆ ಅಣ್ಣ, ಜೋನಿಬೆಲ್ಲಕ್ಕಿಂತಲೂ ತೆಳು. ನೀರು ಕುದಿಯುವ ಬಿಂದುವಿಗಿಂತ ಸುಮಾರು ನಾಲ್ಕು ಡಿಗ್ರಿ ಸೆಲ್ಸಿಯಸ್ ಮೇಲೆ ಹೋದರೆ ಸಿರಪ್. ಆದರೆ ಆ ನೀರಿನ ಬಿಂದುವೇ ವಾಯುಭಾರಕ್ಕೆ ತಕ್ಕಂತೆ ದಿನದಿನಕ್ಕೆ ಅತ್ತಿತ್ತ ಆಗುತ್ತದೆ. ಅದಕ್ಕೇ ಪ್ರತಿ ಬೆಳಿಗ್ಗೆ ಒಂದು ಪಾತ್ರೆ ನೀರು ಕುದಿಸಿ ಥರ್ಮಾಮೀಟರ್ ಹೊಂದಿಸಿಕೊಳ್ಳುತ್ತೇವೆ. ಕೊನೆಗೆ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ತೇಲಿಬಿಟ್ಟು ಖಚಿತಪಡಿಸುವುದು. ವರ್ಮಾಂಟ್‌ನಲ್ಲಿ ಕನಿಷ್ಠ 66.9 ಬ್ರಿಕ್ಸ್ (ತೂಕದಲ್ಲಿ ಸಕ್ಕರೆಯ ಶೇಕಡಾ) ಇರಲೇಬೇಕು. ಕಡಿಮೆಯಾದರೆ ಹುಳಿಯುತ್ತದೆ, ಹೆಚ್ಚಾದರೆ ಬಾಟಲಿಯ ತಳದಲ್ಲಿ ಕಲ್ಲುಸಕ್ಕರೆ ಕೂರುತ್ತದೆ. ಮಾವನವರು ಇದಾವುದನ್ನೂ ನೋಡುವುದಿಲ್ಲ. ಅಗಲ ಸೌಟನ್ನು ಅದ್ದಿ ಎತ್ತುತ್ತಾರೆ. ಅಂಚಿನಿಂದ ಹನಿಹನಿಯಾಗಿ ಬಿದ್ದರೆ ಇನ್ನೂ ಇಲ್ಲ. ಹನಿಗಳು ಕೂಡಿ ಹಾಳೆಯಂತೆ ಜಾರಿದರೆ ಆಯಿತು. ಮೊನ್ನೆ ಅಮ್ಮ ಪಕ್ಕದಲ್ಲಿ ನಿಂತಿದ್ದರು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಮಾವ ಸೌಟು ಎತ್ತಿದರು, ಅಮ್ಮ ತಲೆ ಅಡ್ಡಡ್ಡ ಆಡಿಸಿದರು. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲ ಇಬ್ಬರೂ ಒಟ್ಟಿಗೆ "ಹಾಂ" ಎಂದರು. ನಾನು ಹೈಡ್ರೋಮೀಟರ್ ಹಾಕಿದೆ. ಸರಿಯಾಗಿತ್ತು. ಆಗಿನಿಂದ ಮಾವನವರು ಅಮ್ಮನಿಗೆ ಒಲೆಯ ಪಕ್ಕ ಕುರ್ಚಿ ಕೊಟ್ಟಿದ್ದಾರೆ.

ಜಯನಗರ_ಓದುಗ

ನಡುವೆ ಬಾಯಿ ಹಾಕುವುದಕ್ಕೆ ಕ್ಷಮಿಸಿ. ಬೆಂಗಳೂರಿನ ಅಂಗಡಿಯಲ್ಲಿ ನಾನು ತಂದ ಸಿರಪ್ ಇಷ್ಟು ತೆಳುವಾಗಿಲ್ಲ, ಒಳ್ಳೆ ಗೋಂದಿನಂತಿದೆ. ಬೆಲೆಯೂ ಕಡಿಮೆ. ನನಗೆ ಸಿಕ್ಕಿದ್ದು ಯಾವುದು?

ಮಾಂಟ್ರಿಯಲ್_ಮಾಲತಿ

ಬಾಟಲಿಯ ಹಿಂಬದಿಯ ಚೀಟಿ ಓದಿ. "ಪ್ಯಾನ್‌ಕೇಕ್ ಸಿರಪ್" ಎಂದಿದ್ದರೆ ಅದು ಮುಸುಕಿನ ಜೋಳದ ಸಿರಪ್‌ಗೆ ಬಣ್ಣ, ಪರಿಮಳ ಹಾಕಿದ್ದು. ಮೇಪಲ್ ಆದರೆ ಪದಾರ್ಥ ಒಂದೇ ಇರುತ್ತದೆ.

ಮೇನ್_ರಾಘು

ಮಾಲತಿಯವರ ಮಾತಿಗೆ ಸೇರಿಸುತ್ತೇನೆ, ಇದು ಶಿರಸಿಯ ತಂಗಿಗೂ ಬೇಕಾದ ವಿಷಯ. ಚೀಟಿಯಲ್ಲಿ ಒಂದೇ ಪದಾರ್ಥ ಇದ್ದರೂ ನೊರೆ ಉಕ್ಕಿದಾಗ ಏನು ಹಾಕುತ್ತೀರಿ? ನಮ್ಮ ಪಕ್ಕದ ತೋಟದ ಯಜಮಾನರು ಒಂದು ಚೂರು ಬೆಣ್ಣೆ ಹಾಕುತ್ತಾರೆ, ಉಕ್ಕು ಕೂಡಲೇ ಇಳಿಯುತ್ತದೆ. ಹಿಂದಿನವರು ಉಪ್ಪು ಹಾಕಿದ ಹಂದಿಯ ಕೊಬ್ಬನ್ನು ದಾರ ಕಟ್ಟಿ ಪ್ಯಾನ್ ಮೇಲೆ ತೂಗುಬಿಡುತ್ತಿದ್ದರಂತೆ! ಹಾಲಿನ ಅಲರ್ಜಿ ಇರುವವರು, ಸಸ್ಯಾಹಾರಿಗಳು ಖಂಡಿತ ಕೇಳುತ್ತಾರೆ. ಉತ್ತರ ಮೊದಲೇ ತಿಳಿದಿರಲಿ.

ಶಿರಸಿ_ವರ್ಮಾಂಟ್

ನಾವು ಕುಸುಬೆ ಎಣ್ಣೆ ಹಾಕುತ್ತೇವೆ. ನಾನು ಬಂದ ಮೇಲೆ ಆದ ಒಂದೇ ಸುಧಾರಣೆ ಅದು!

ಇನ್ನೊಂದು ಪ್ರಶ್ನೆ. ಅಟ್ಟದಲ್ಲಿ ಮಾವನವರ ಅಪ್ಪನ ಕಾಲದ ತಗಡಿನ ಬಕೆಟ್‌ಗಳಿವೆ. ರಸ್ತೆ ಬದಿಯ ಮರಗಳಿಗೆ ಅವನ್ನು ಹಾಕಿದರೆ ಫೋಟೊ ತೆಗೆಯುವವರಿಗೆ ಚೆಂದ ಅಲ್ಲವೇ?

ಲೆಕ್ಕದ_ಗಿರಿ

ಫೋಟೊಕ್ಕೆ ಹಾಕಿ, ರಸ ಹಿಡಿಯಬೇಡಿ. ಹಳೆಯ ಬಕೆಟ್‌ಗಳ ಬೆಸುಗೆಯಲ್ಲಿ ಸೀಸ ಇರುತ್ತದೆ.

ಮಾಂಟ್ರಿಯಲ್_ಮಾಲತಿ

ಫಲಕಗಳನ್ನು ಬರೆಯುವಾಗ ಒಂದು ಸಾಲು ಅಬೆನಾಕಿ ಜನರ ಬಗ್ಗೆಯೂ ಇರಲಿ. ಯುರೋಪಿನವರು ಕಾಲಿಡುವ ಮೊದಲೇ ಈ ಮರದ ರಸವನ್ನು ಸಕ್ಕರೆ ಮಾಡಲು ಬಲ್ಲವರು ಈ ನೆಲದ ಮೂಲ ನಿವಾಸಿಗಳು. "ಮೂರು ತಲೆಮಾರು" ಎಂದು ಮಾತ್ರ ಬರೆದರೆ ಲೆಕ್ಕ ತಪ್ಪುತ್ತದೆ.

ತಿನ್ನಲು ಏನು ಕೊಡುತ್ತೀರಿ?

ಶಿರಸಿ_ವರ್ಮಾಂಟ್

ಆ ಸಾಲು ಖಂಡಿತ ಬರೆಯುತ್ತೇನೆ, ಮಾಲತಿ ಅಕ್ಕ.

ತಿನ್ನಲು ಇಲ್ಲಿನ ಪದ್ಧತಿಯಂತೆ ಹಿಮದ ಮೇಲಿನ ಸಕ್ಕರೆ. ಸಿರಪ್ಪನ್ನು ಇನ್ನೂ ಕಾಯಿಸಿ, 112 ಡಿಗ್ರಿಯ ಆಸುಪಾಸಿಗೆ ತಂದು, ತಟ್ಟೆಯಲ್ಲಿ ಒತ್ತಿದ ಹಿಮದ ಮೇಲೆ ಎಳೆ ಎಳೆಯಾಗಿ ಹುಯ್ಯುವುದು. ಹಲ್ಲಿಗೆ ಅಂಟುವ ಜಿಗುಟು ಮಿಠಾಯಿಯಾಗುತ್ತದೆ. ಜೊತೆಗೆ ಸಪ್ಪೆ ಡೋನಟ್, ಉಪ್ಪುನೀರಿನ ಸೌತೆಕಾಯಿ. ಸಿಹಿಯ ಜೊತೆ ಹುಳಿ ಸೌತೆಕಾಯಿ ಎಂದರೆ ಮೊದಲ ವರ್ಷ ನಾನು ಮುಖ ಕಿವುಚಿದ್ದೆ. ಅಮ್ಮನಿಗೆ ಮಾತ್ರ ಏನೂ ವಿಚಿತ್ರ ಅನ್ನಿಸಲಿಲ್ಲ. "ಕಬ್ಬಿನ ಹಾಲು ಕುಡಿದು ಮಂಡಕ್ಕಿ, ಮಿರ್ಚಿ ಭಜಿ ತಿನ್ನುವುದಿಲ್ಲವೇ? ನಾಲಿಗೆಯನ್ನು ತೊಳೆದರೆ ತಾನೇ ಮತ್ತೆ ಸಿಹಿ ಇಳಿಯುವುದು" ಎಂದರು. ನಮ್ಮ ಕಡೆಯ ತೆಳು ಸಿಹಿ ತಿಂಡಿ ತೊಡೆದೇವು ಮಾಡುತ್ತೇನೆ ಎಂದು ಹಟ ಹಿಡಿದಿದ್ದಾರೆ. ಬೆನ್ನು ಮೇಲಾಗಿ ಕವಚಿಡುವಂಥ ಮಡಕೆ ಈ ಊರಿನಲ್ಲಿ ಎಲ್ಲಿ ಹುಡುಕಲಿ?

ಮೇನ್_ರಾಘು

ಹಿಮವನ್ನು ಈಗಲೇ ಫ್ರೀಜರ್‌ಗೆ ತುಂಬಿಡಿ. ಮಾರ್ಚ್ ಕೊನೆಯಲ್ಲಿ ಅಂಗಳದ ಹಿಮವನ್ನು ನಾಯಿಯೂ ಮುಟ್ಟುವುದಿಲ್ಲ.

ಶಿರಸಿ_ವರ್ಮಾಂಟ್

ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ತಡವಾಯಿತು, ಏಕೆಂದು ಕೊನೆಯಲ್ಲಿ ಹೇಳುತ್ತೇನೆ.

ಶನಿವಾರ ಹೆದರಿದ್ದೇ ಆಯಿತು. ಬೆಳಿಗ್ಗೆ ಮೈನಸ್ 11, ಮಧ್ಯಾಹ್ನವೂ ಮೈನಸ್ 4. ಬಕೆಟ್‌ಗಳಲ್ಲಿ ಹಿಂದಿನ ದಿನದ ಹನಿಗಳು ಕಲ್ಲಾಗಿದ್ದವು. ರಾಘು ಅಣ್ಣನ ಮಾತು ಕೇಳಿ ಟ್ಯಾಂಕಿನಲ್ಲಿ ರಸ ಉಳಿಸಿದ್ದೆ, ಅದರ ಮೇಲೂ ಒಂದು ಗೇಣು ಮಂಜುಗಡ್ಡೆ. ಮಾವ ಕಿಟಕಿಯಿಂದ ಕೂಗಿದರು: ಗಡ್ಡೆಯನ್ನು ತೆಗೆದು ಎಸೆ, ಅದು ಬಹುಪಾಲು ನೀರು, ಕೆಳಗೆ ಉಳಿದ ರಸ ಇನ್ನಷ್ಟು ಸಿಹಿ. ಅಳೆದೆ, ಎರಡು ಇದ್ದದ್ದು ಮೂರು ಶೇಕಡಾ ಆಗಿತ್ತು. ಆದರೆ ಪ್ರಮಾಣ ಮುನ್ನೂರು ಗ್ಯಾಲನ್‌ಗೂ ಕಡಿಮೆ.

ಬಾಗಿಲಿಗೆ ಹಲಗೆ ತೂಗುಹಾಕಿದೆ: "ಇಂದು ಮರಗಳು ರಸ ಬಿಡುತ್ತಿಲ್ಲ. ಕಾಯಿಸುತ್ತಿರುವುದು ಗುರುವಾರದ ರಸ. ಹತ್ತರಿಂದ ಹನ್ನೆರಡು, ಎರಡರಿಂದ ಮೂರೂವರೆ." ಮಾವನವರಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ಆದರೆ ಒಲೆ ಆರಿಸಿದ ಆ ಎರಡು ಗಂಟೆಯಲ್ಲಿ ನಾನು ಎಣಿಸದೇ ಇದ್ದದ್ದು ನಡೆಯಿತು. ಆವಿ ಇಲ್ಲದ್ದರಿಂದ ಜನ ಪ್ಯಾನ್ ಒಳಗೆ ಇಣುಕಿ ನೋಡಿದರು. ಹಿಂದಿನ ಪ್ಯಾನ್‌ನ ಮಡಿಕೆಗಳು, ಮುಂದಿನದರಲ್ಲಿ ರಸ ಹಾವಿನಂತೆ ಸುತ್ತಿ ಬರುವ ಗೋಡೆಗಳು, ತಳದಲ್ಲಿ ಕೂರುವ ಬೂದು ಬಣ್ಣದ ಸಕ್ಕರೆ ಮರಳು (ರಸದಲ್ಲಿನ ಖನಿಜಗಳ ಗಸಿ). ಉರಿಯುವಾಗ ಯಾರಿಗೂ ಕಾಣದ್ದು ಇದೆಲ್ಲ. ಮಾವನವರು ಊರುಗೋಲಿನ ಮೇಲೆ ಬಂದು, ಹಲಗೆಗೆ ಬೈಯುತ್ತಲೇ, ಆ ಮರಳನ್ನು ಬೆರಳಲ್ಲಿ ತೆಗೆದು ತೋರಿಸಿ ಒಂದು ಗಂಟೆ ಮಾತನಾಡಿದರು.

ಎಲ್ಲರೂ ಮೆಚ್ಚಿದರು ಎಂದರೆ ಸುಳ್ಳಾಗುತ್ತದೆ. ಒಂದು ಕುಟುಂಬ ಹಲಗೆ ಓದಿ ಕಾರಿನಿಂದ ಇಳಿಯದೆಯೇ ಹಿಂದಿರುಗಿತು. ಇನ್ನೊಬ್ಬರು "ಮುಂದಿನ ರಸ್ತೆಯಲ್ಲಿ ಆವಿ ಬರುತ್ತಿದೆ, ಅಲ್ಲಿಗೆ ಹೋಗೋಣ" ಎಂದು ನನ್ನೆದುರೇ ಹೆಂಡತಿಗೆ ಹೇಳಿದರು. ಅಲ್ಲಿ ಏನು ಕುದಿಯುತ್ತಿತ್ತೋ ನಾನು ಕೇಳಲು ಹೋಗಲಿಲ್ಲ.

ಭಾನುವಾರ ಬಿಸಿಲು. ಹನ್ನೊಂದು ಗಂಟೆಗೆ ಆರು ಡಿಗ್ರಿ. ರಸ್ತೆ ಬದಿಯ ಬಕೆಟ್‌ಗಳಲ್ಲಿ ಟಿಂಗ್ ಟಿಂಗ್ ಎಂದು ಶುರುವಾಯಿತು. ಹಿಂದಿನ ದಿನ ಬಂದು ಹೋಗಿದ್ದ ಎರಡು ಮನೆಯವರು ಮತ್ತೆ ಬಂದರು, ಮರ ಬಿಟ್ಟಿದೆಯೇ ನೋಡಲು! ಒಬ್ಬ ಹುಡುಗ ಬೆರಳಲ್ಲಿ ಹನಿ ಹಿಡಿದು ನೆಕ್ಕಿ "ಇದು ಬರೀ ನೀರು" ಎಂದು ದೂರಿದ. ನಲವತ್ತಕ್ಕೆ ಒಂದು ಎಂಬುದನ್ನು ಅವನಿಗೆ ತಿಳಿಸಲು ಬೇರೆ ಫಲಕವೇ ಬೇಕಾಗಲಿಲ್ಲ.

ಎಳೆದ ಕಾರುಗಳು ನಾಲ್ಕು, ಗಿರಿಯವರೇ. ಜಲ್ಲಿಯ ಮೇಲೆ ಜಾಗವಿದ್ದರೂ ಹುಲ್ಲಿಗೇ ಇಳಿಸಿದವರು. ಕುದಿಸುವ ಕೆಲಸ ನನ್ನ ಗಂಡನದು, ಮಾತು ನನ್ನದು, ಪ್ಯಾನ್ ಕ್ಷೇಮ. ತೊಡೆದೇವಿಗೆ ಮಡಕೆ ಸಿಗಲಿಲ್ಲ. ಅಮ್ಮ ಬೇಸರಿಸದೆ ತೆಳ್ಳಗೆ ದೋಸೆ ಹುಯ್ದು, ತುಪ್ಪ ಸವರಿ, ಕಡು ಬಣ್ಣದ ಸಿರಪ್ ಸುರಿದು ಕೊಟ್ಟರು. ಡೋನಟ್ ಉಳಿಯಿತು, ದೋಸೆ ಉಳಿಯಲಿಲ್ಲ.

ತಡವಾದದ್ದಕ್ಕೆ ಕಾರಣ: ಸೋಮವಾರ. ರಾತ್ರಿ ಮೈನಸ್ 6, ಹಗಲು ಎಂಟು ಡಿಗ್ರಿ, ಗಾಳಿಯಿಲ್ಲ. ಒಂದೇ ದಿನದಲ್ಲಿ 1,200 ಗ್ಯಾಲನ್ ರಸ, ಮುಂದಿನ ಮೂರು ದಿನವೂ ಅದೇ ಕಥೆ. ಮಂಗಳವಾರ ಬೆಳಗಿನ ಮೂರರವರೆಗೆ ಕಾಯಿಸಿದೆವು. ಮಾಡಿನ ಕಿಂಡಿಯಿಂದ ಆವಿ ಕಂಬದಂತೆ ಎದ್ದು ನಿಂತಿತ್ತು. ನೋಡಲು ನಾವು ನಾಲ್ವರು ಮತ್ತು ನಾಯಿ.

ಮಂಡ್ಯದ_ಗಾಣ

ಮರಕ್ಕೂ ಜನ ಅಂದರೆ ನಾಚಿಕೆ ಇರಬೇಕು. ಆ ಮುಂದಿನ ರಸ್ತೆಯವರ ಕೊಪ್ಪರಿಗೆಯಲ್ಲಿ ಏನಿತ್ತು ಎಂಬುದನ್ನು ಮಾತ್ರ ವಿಚಾರಿಸಿ ತಿಳಿಸಿ ತಾಯಿ, ನನಗೆ ನಿದ್ದೆ ಬರುವುದಿಲ್ಲ.

ಶಿರಸಿ_ವರ್ಮಾಂಟ್

ವಿಚಾರಿಸಿದೆ ಅಣ್ಣ. ಅವರು ನಮ್ಮ ಹಾಗೆಯೇ ಗುರುವಾರದ ರಸ ಉಳಿಸಿದ್ದರಂತೆ, ನಮಗಿಂತ ದೊಡ್ಡ ಟ್ಯಾಂಕಿನಲ್ಲಿ. ಮಾವನವರು ನಂಬಿಲ್ಲ.